ಕಲ್ಯಾಣಮ್ಮನನ್ನು ಅರ್ಧಕ್ಕೇ ಬೀಳ್ಕೊಟ್ಟ ಇಂಟರ್‌ಪ್ರಿಟರ್ ಅವರಿಗೆ

ಮಾನ್ಯ ಇಂಟರ್‌ಪ್ರಿಟರ್ ಮಹಾಶಯರೇ,

ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಟವೆಲ್ ಕಾರ್ಖಾನೆಯೊಂದರ ಆಫೀಸಿನಿಂದ, ತಾವು ವಾಸವಾಗಿರುವ ಕಂಪ್ಯೂಟರಿಗೆ ಕೈಮುಗಿದು ಯೋಗಿತಾ ಮಾಡುವ ವಂದನೆಗಳು. ನಾವು ಬರೆದ ಪ್ರೋಗ್ರಾಮನ್ನು ಓದಿ ಸಾಲು ಸಾಲಾಗಿ ನಡೆಸಿಕೊಡುವ ತಮ್ಮ ಕರ್ತವ್ಯನಿಷ್ಠೆಯನ್ನು ಕಲ್ಯಾಣಮ್ಮನ ಊರಾದ ಹನ್ನೂರಿನ ಜನ ಕಣ್ಣಾರೆ ಕಂಡಿರುವುದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಹೊಲಿಗೆ ವಿಭಾಗದ ಕಲ್ಯಾಣಮ್ಮ ನಿವೃತ್ತರಾದ ಮರುದಿನ, ಅವರ ಸತ್ಕಾರಕ್ಕೆ ಕರೆಯಲೆಂದು ಕೆಲಸಗಾರರೆಲ್ಲರ ಮೊಬೈಲಿಗೆ ಎರಡು ಸಂದೇಶ ಕಳಿಸುವ ಪ್ರೋಗ್ರಾಮ್ ಬರೆದೆ. ಓದಿದವರ ಮನಸ್ಸು ಸ್ವಲ್ಪ ಕಲಕಲಿ ಎಂದು ಮೊದಲನೆಯದರಲ್ಲಿ ‘ನಮ್ಮ ಕಲ್ಯಾಣಮ್ಮ ಇನ್ನು ನಮ್ಮೊಂದಿಗಿಲ್ಲ’ ಎಂದೂ, ಎರಡನೆಯದರಲ್ಲಿ ‘ಸೇವೆ ಮುಗಿಸಿ ನಿವೃತ್ತರಾಗಿದ್ದಾರೆ, ಸಂಜೆಯ ಸತ್ಕಾರಕ್ಕೆ ತಪ್ಪದೆ ಬನ್ನಿ’ ಎಂದೂ ಹಾಕಿ, ಬಟನ್ ಒತ್ತಿ ಊಟಕ್ಕೆ ಹೋದೆ.

ತಾವು ಮೊದಲು ಬರಹವನ್ನೆಲ್ಲ ಬಿಡಿಬಿಡಿಯಾಗಿ ಒಡೆದು, ತೆರೆದ ಕಂಸ ಮುಚ್ಚಿದೆಯೇ, ಸಾಲಿನ ಮುಂದಿನ ಖಾಲಿ ಜಾಗ ಸರಿಯಿದೆಯೇ ಎಂದು ಬಲು ಶಿಸ್ತಿನಿಂದ ಪರೀಕ್ಷಿಸಿದಿರಿ. ಆದರೆ ಕೆಲಸಗಾರರ ಪಟ್ಟಿಗೆ ನಾನಿಟ್ಟ ‘ಮಂದಿ’ ಎಂಬ ಹೆಸರು ಎರಡನೆಯ ಸಂದೇಶ ಕಳಿಸುವ ಸಾಲಿನಲ್ಲಿ ದೀರ್ಘವೊಂದು ಹೆಚ್ಚಾಗಿ ‘ಮಂದೀ’ ಆಗಿದ್ದನ್ನು, ಆ ಸಾಲು ಬರುವತನಕ ನೋಡುವುದು ತಮ್ಮ ಘನತೆಗೆ ತಕ್ಕದ್ದಲ್ಲವೆಂದು ಬಿಟ್ಟಿರಿ. ಮೊದಲ ಸಂದೇಶವನ್ನು ಎಲ್ಲರಿಗೂ ಮುಟ್ಟಿಸಿ, ಎರಡನೆಯ ಸಾಲಿನಲ್ಲಿ ‘ಮಂದೀ ಎಂಬುದು ಗೊತ್ತಿಲ್ಲ’ ಎಂದು ಕೈಕಟ್ಟಿ ನಿಂತಿರಿ. ಅಜ್ಜಿ ಕನ್ನಡದಲ್ಲಿ ಬೈದರೆ ಮೊಮ್ಮಗು ಮರಾಠಿಯಲ್ಲಿ ಅಳುವ ಸೊಲ್ಲಾಪುರದಲ್ಲಿ ದುಭಾಷಿಗಳು, ಅಂದರೆ ತಮ್ಮಂಥ ಇಂಟರ್‌ಪ್ರಿಟರುಗಳು, ಬಹಳ ಇದ್ದಾರೆ. ತಮ್ಮಷ್ಟು ಕಟ್ಟುನಿಟ್ಟಿನವರನ್ನು ನಾವು ಕಂಡಿರಲಿಲ್ಲ.

ನಾನು ಊಟ ಮುಗಿಸಿ ಬರುವಷ್ಟರಲ್ಲಿ ಕಾರ್ಖಾನೆ ಖಾಲಿ. ಪರದೆಯ ಮೇಲೆ ತಮ್ಮ ಕೆಂಪು ಅಕ್ಷರ ನೋಡಿದಾಗ ಆದದ್ದು ತಿಳಿಯಿತು. ಸ್ಕೂಟರ್ ಹತ್ತಿ ಹನ್ನೂರಿಗೆ, ಕಲ್ಯಾಣಮ್ಮನ ಮನೆಗೆ ಓಡಿದೆ. ಫ್ಯಾನಿನ ಜಗಳದಿಂದ ಕಲ್ಯಾಣಮ್ಮನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ ನಮ್ಮ ಮೇಸ್ತ್ರಿ, ಮುಕಾದಮ ಭೀಮಶಾ, ಹಾರ ಹಿಡಿದು ಅವರ ಬಾಗಿಲಲ್ಲಿ ಗೋಳಾಡುತ್ತಿದ್ದರು: “ಅಕ್ಕಾ, ಫ್ಯಾನ್ ನಿನ್ನ ಕಡೀನೇ ತಿರುಗಿಸಿ ಇಡ್ತಿದ್ನಲ್ಲಾ!” ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡ ಕಲ್ಯಾಣಮ್ಮ ಹೊರಗೆ ಬಂದು, “ಯಾರ್ ಸತ್ತಾರೋ ಭೀಮಶಾ?” ಎಂದರು. “ನೀನ ಸತ್ತೀಯಂತ ಬಂದೀವಿ, ಅಕ್ಕಾ” ಎಂದರು ಭೀಮಶಾ.

ನಾನು ಹೆದರಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಕಲ್ಯಾಣಮ್ಮ ಬಿದ್ದು ಬಿದ್ದು ನಕ್ಕರು. ಆಮೇಲೆ ಕಟ್ಟೆಯ ಮೇಲೆ ಕೂತು, “ಸತ್ತ ಮ್ಯಾಲ ಏನೇನು ಅನ್ನಾಕ ಬಂದಿದ್ರಿ, ಅಂದು ಹೋಗ್ರಿ, ಕೇಳ್ತೀನಿ” ಎಂದರು. ನೆರೆದಿದ್ದ ಕೆಲಸಗಾರರು ಒಬ್ಬೊಬ್ಬರೇ ಅಂದರು. ಭೀಮಶಾ ಹಾರವನ್ನು ಅವರ ಕೊರಳಿಗೇ ಹಾಕಿದರು. ಕಲ್ಯಾಣಮ್ಮ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡರು. ಕ್ಯಾಂಟೀನಿನಲ್ಲಿ ಸತ್ಕಾರ ನಡೆದಿದ್ದರೆ ಮಾಲೀಕರ ಭಾಷಣ ಕೇಳಬೇಕಾಗಿತ್ತು. ಅದನ್ನು ತಪ್ಪಿಸಿದ ಕೀರ್ತಿಯೂ ತಮಗೇ ಸಲ್ಲಬೇಕು.

ಆದ್ದರಿಂದ ತಮ್ಮಲ್ಲಿ ಸಣ್ಣ ವಿನಂತಿಗಳಿವೆ. ಒಬ್ಬರನ್ನು ಇಲ್ಲವೆನ್ನುವ ಮೊದಲು ದಯವಿಟ್ಟು ಕೊನೆಯ ಸಾಲಿನತನಕ ಕಣ್ಣಾಡಿಸಿರಿ. ‘ಮಂದೀ’ ಕಂಡಲ್ಲಿ ‘ಮಂದಿ ಅಂದೀರೇನ್ರೀ?’ ಎಂದು ಒಂದು ಮಾತು ಕೇಳಿರಿ. ಅದೂ ಆಗದಿದ್ದರೆ, ತಪ್ಪು ಸಿಕ್ಕ ಕೂಡಲೇ ಮನೆಮನೆಗೆ ಹೋಗಿ, ಆಡಿದ ಮಾತನ್ನು ಜನರ ಕಿವಿಯಿಂದ ಹೆಕ್ಕಿಕೊಂಡು ಬನ್ನಿರಿ.

ಇಷ್ಟಾದರೂ ತಮ್ಮ ವಿಶ್ವಾಸಿ,
ಯೋಗಿತಾ

ತಾ.ಕ.: ನಿನ್ನೆ ಗೋದಾಮಿನಲ್ಲಿ ಹೊಗೆ ಕಂಡು, ‘ಎಲ್ಲರೂ ಕೂಡಲೇ ಹೊರಗೆ ಬನ್ನಿ’ ಎಂದು ಸಂದೇಶ ಕಳಿಸಿದೆ. ತಾವು ಒಂದಕ್ಷರವೂ ತಪ್ಪದೆ ಮುಟ್ಟಿಸಿದಿರಿ. ಪುಣ್ಯಕ್ಕೆ ಅದು ಹೊರಗೆ ಸುಟ್ಟ ಕಸದ ಹೊಗೆ. ಏಕೆಂದರೆ ಎರಡನೆಯ ಸಂದೇಶ ಬರಲೆಂದು ಎಲ್ಲರೂ ಒಳಗೇ ಕೂತಿದ್ದರು.