ಅಕ್ಕನ ಹಾಡು, ಅವ್ವನ ಸೆಲ್ಲು

ಶಾಖ ಕೊಡುವ ಕ್ರಿಯೆ, ಶಾಖ ಹೀರುವ ಕ್ರಿಯೆ ಅಂತ ತಾಳವಾಡಿ ಸೀಮೆಯ ಹೈಸ್ಕೂಲಿನಲ್ಲಿ ನಾನು ಪಾಠ ಮಾಡ್ತಿದ್ದರೆ, ಪ್ರಯೋಗವೆಲ್ಲ ನಮ್ಮನೆ ಹಿತ್ತಲಲ್ಲೇ ನಡೀತಿತ್ತು. ಮಾಡೋಳು ನಮ್ಮವ್ವ. ಒಂದಲ್ಲ ಒಂದು ದಿನಾ ಇದ್ದದ್ದೇ. ಎಪ್ಪತ್ತರ ದಶಕದ ಒಂದು ವಾರದ್ದು ಮಾತ್ರ ನೆನೆಸಿಕೊಂಡರೆ ನಗೂನೂ ಬರುತ್ತದೆ, ಹೊಟ್ಟೇನೂ ಉರಿಯುತ್ತದೆ. ಮೈಸೂರಿಗೆ ಕೊಟ್ಟಿದ್ದ ನಮ್ಮಕ್ಕ ಆ ವಾರ ರೇಡಿಯೋದಲ್ಲಿ ಹಾಡೋಳಿದ್ದಳು. ಮಗಳ ದನಿ ಪೆಟ್ಟಿಗೆಯೊಳಗಿಂದ ಬರೋದನ್ನು ಒಂದೇ ಒಂದು ಸಲ ಕೇಳಬೇಕು ಅನ್ನೋದು ಅವ್ವನ ಆಸೆ.

೧. ಸುಣ್ಣ

ಕೇಳೋಕೆ ಬೀದಿಗೆ ಬೀದಿಯೇ ಬರುತ್ತದೆ, ಗೋಡೆಗೆ ಸುಣ್ಣ ಬಳೀಬೇಕು ಅಂದಳು ಅವ್ವ. ಸುಣ್ಣದ ಕಲ್ಲಿಗೆ ನೀರು ಹುಯ್ದೆ. ಹಂಡೆ ಕೊತಕೊತ ಕುದೀತು.

"ಅವ್ವಾ, ದೂರ ನಿಂತ್ಕೊ. ಇದರಿಂದ ಶಾಖ ಬರ್ತದೆ," ಅಂದೆ.

"ಬಂದ್ ಶಾಖ ಸುಮ್ನೆ ಆಳಾಗ್ತದಲ್ಲಾ," ಅಂದವಳು, ನಾನು ಒಳಗೆ ಹೋಗಿ ಬರೋದರೊಳಗೆ ಒಂದು ಚೊಂಬು ಅವರೆಕಾಳನ್ನು ಅದರಲ್ಲಿ ಬೇಯೋಕೆ ಇಟ್ಟಿದ್ದಳು. ಚೊಂಬು ಮಗುಚಿ ಕಾಳೆಲ್ಲ ಸುಣ್ಣಕ್ಕೆ ಬಿತ್ತು. ಬಳಿದ ಗೋಡೆ ತುಂಬ ಅವರೆಕಾಳು. ಅಪ್ಪ ಸವರಿ ನೋಡಿ, "ಗೋಡೆಗೆ ಸಿಡುಬು ಎದ್ದದಲ್ಲಮ್ಮೀ!" ಅಂದ.

೨. ಯೂರಿಯಾ

ಬಂದವರಿಗೆ ತಣ್ಣಗೆ ಮಜ್ಜಿಗೆ ಕೊಡಬೇಕಲ್ಲ. ಯೂರಿಯಾ ಕರಗುವಾಗ ಶಾಖ ಹೀರಿ ನೀರನ್ನು ತಣ್ಣಗೆ ಮಾಡುತ್ತದೆ ಅಂತ ನಾನು ಮನೆಪಾಠದ ಹುಡುಗರಿಗೆ ಹೇಳಿದ್ದು ಅವ್ವನ ಕಿವಿಗೆ ಬಿದ್ದಿತ್ತು. ಬಾನಿ ತುಂಬ ಯೂರಿಯಾ ಕಲಸಿ, ಮಜ್ಜಿಗೆ ಪಾತ್ರೆಯನ್ನು ಅದರೊಳಗೆ ಇಟ್ಟಳು.

ಗೊಬ್ಬರ ಹಾಕೋಕೆ ಹೊರಟಿದ್ದ ಅಪ್ಪ ಖಾಲಿ ಚೀಲ ಹಿಡಿದು ಕೂಗಿದ: "ಒಲದ್ ಗೊಬ್ರಾನ ಮಜ್ಜಿಗೆಗಾಕ್ ಬುಟ್ಟಾ?"

"ಮಜ್ಜಿಗೆಗ್ಯಾಕ್ ಆಕನ? ಮಜ್ಜಿಗೇನ ಅದ್ರೊಳಕ್ ಇಟ್ಟಿವ್ನಿ!"

ಮಜ್ಜಿಗೆ ನಿಜಕ್ಕೂ ತಣ್ಣಗಿತ್ತು. ಆದರೆ ಸುದ್ದಿ ಹಬ್ಬಿ, ಬಂದವರು ಯಾರೂ ಲೋಟ ಮುಟ್ಟಲಿಲ್ಲ. ಗೊಬ್ಬರ ದಂಡ ಆಗಬಾರದು ಅಂತ ಅಪ್ಪನೇ ಆ ಮಜ್ಜಿಗೆಯನ್ನು ಚೊಂಬುಗಟ್ಟಲೆ ಕುಡಿದ.

೩. ಸೆಲ್ಲು

ನಮ್ಮ ಕಡೆ ರಾತ್ರಿ ಹೊಲಕ್ಕೆ ಆನೆ ನುಗ್ಗದಂತೆ ಕಾಯೋ ಟಾರ್ಚಿನ ಸೆಲ್ಲು ಸೋತರೆ ಬಿಸಿಲಿಗೆ ಇಡ್ತಾರೆ. ಬಿಸಿಗೆ ಒಳಗಿನ ಕ್ರಿಯೆ ಚುರುಕಾಗಿ ಇನ್ನೊಂಚೂರು ಹೊತ್ತು ಉರೀತದೆ. ಸೋತಿದ್ದಕ್ಕೇ ಅಷ್ಟು ಶಕ್ತಿ ಬರೋದಾದರೆ ಹೊಸದಕ್ಕೆ ಎಷ್ಟು ಬರಬೇಡ ಅಂತ, ರೇಡಿಯೋಗೆ ಅಂತ ನಾನು ತಂದಿಟ್ಟಿದ್ದ ಹೊಸ ಸೆಲ್ಲುಗಳನ್ನು ಅವ್ವ ಒಲೆಯ ಬಿಸಿಬೂದಿಯಲ್ಲಿ ಹೂತಿಟ್ಟಳು. ನಾನು ಸ್ಕೂಲಿಂದ ಬರೋ ಹೊತ್ತಿಗೆ ಅವು ರೇಡಿಯೋ ಸೇರಿಯಾಗಿತ್ತು.

ಅಕ್ಕನ ಹೆಸರು ಹೇಳಿದರು. ಶ್ರುತಿ ಬಂತು. ರೇಡಿಯೋ ಗೊರಗೊರ ಅಂದು ಸುಮ್ಮನಾಯಿತು. ತೆಗೆದು ನೋಡಿದರೆ ಸೆಲ್ಲು ಉಬ್ಬಿ, ಅಂಟು ಒಸರ್ತಿತ್ತು.

"ಟಾರ್ಚ್ ತಕಬನ್ರಲಾ!" ಅಂತ ಅವ್ವ ಚೀರಿದಳು. ಜನ ಮನೆಮನೆಗೆ ಓಡಿ, ಟಾರ್ಚು ತಂದು, ಸೆಲ್ಲು ಕಳಚಿ ಕೊಟ್ಟರು. ರೇಡಿಯೋ ಮತ್ತೆ ಬಾಯಿ ಬಿಟ್ಟಿತು: "ಇದುವರೆಗೆ ನೀವು ಗಾಯನ ಕೇಳಿದಿರಿ."

"ಯಾರ್ಲಾ ಕೇಳ್ದೋರು?" ಅಂತ ಅವ್ವ ಪೆಟ್ಟಿಗೆಯನ್ನೇ ಗದರಿದಳು. ಎಲ್ಲರೂ ನಕ್ಕರು. ಅವಳ ಕಣ್ಣಲ್ಲಿ ಮಾತ್ರ ನೀರು. ರೇಡಿಯೋದವರು ಅಕ್ಕನನ್ನು ಮತ್ತೆ ಕರೀಲೇ ಇಲ್ಲ. ಪಾಪ, ಅವ್ವನ ಆಸೆ ಹಾಗೇ ಉಳೀತು. ಆ ಕೊರಗು ನನಗೆ ಇವತ್ತಿಗೂ ಇದೆ.

ದೀಪಾವಳಿಗೆ ಅಕ್ಕ ಬಂದಳು. ಅವಳಿಗೆ ಬೇಜಾರಾಗಬಾರದು, ಯಾರೂ ಬಾಯಿ ಬಿಡಬೇಡಿ ಅಂತ ಅವ್ವ ಬೀದಿಗೆಲ್ಲ ಹೇಳಿಟ್ಟಿದ್ದಳು.

"ಹೆಂಗಿತ್ತವ್ವಾ ರೇಡಿಯೋದಲ್ಲಿ ನನ್ನ ಹಾಡು?" ಅಂದಳು ಅಕ್ಕ.

"ಬಾಳ ಚೆಂದಾಗಿತ್ತು ಕಣವ್ವ. ಮೊದಲ್ನೇದಕ್ಕಿಂತ ಎರಡ್ನೇದು ಇನ್ನೂ ಚೆಂದಾಗಿತ್ತು."

ಅಕ್ಕ ಅವಳ ಕೈ ಹಿಡಿದುಕೊಂಡು ಅಂದಳು: "ಅವ್ವಾ, ನಾನು ಹಾಡಿದ್ದು ಒಂದೇ."