ರಾಯರು ಮಿಷಿನ್ ಆರಿಸಿದ್ದು

ಬೆಳಿಗ್ಗೆ ನಲ್ಲಿಯ ಹತ್ತಿರ ಪಾಚಿಯ ಮೇಲೆ ಕಾಲಿಟ್ಟ ಸುಂದರಾಬಾಯಿ ಗೇಟಿನ ತನಕ ಜಾರಿಕೊಂಡೇ ಹೋದರು. ಪುಣ್ಯಕ್ಕೆ ಬೀಳಲಿಲ್ಲ. ಗೇಟು ಹಿಡಿದುಕೊಂಡು ಅಲ್ಲಿಂದಲೇ ಗಂಡನಿಗೆ ಹೇಳಿದರು: “ಇವತ್ತ ಆ ಪ್ರೆಷರ್ ವಾಷರ್ ಬರಬೇಕ್ರಿ. ಇಲ್ಲಂದ್ರ ನಾ ಅಂಗಳಕ್ಕ ಕಾಲಿಡಂಗಿಲ್ಲ.”

ರಭಸದಿಂದ ನೀರು ಚಿಮ್ಮಿ ಪಾಚಿ ಕೀಳುವ ಆ ಮಿಷಿನ್ ಬಗ್ಗೆ ಹನುಮಂತರಾಯರು ಎರಡು ತಿಂಗಳಿಂದ ವಿಚಾರ ಮಾಡುತ್ತಲೇ ಇದ್ದರು. ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ಮೂವತ್ತು ವರ್ಷ ದುಡಿದವರು. ತಕ್ಕಡಿ ತಟ್ಟೆಯ ಕೆಳಗೆ ಅಂಟಿಸಿದ ಹುಣಸೆಹಣ್ಣನ್ನು ಹತ್ತು ಮಾರು ದೂರದಿಂದ ಕಂಡುಹಿಡಿದ ಕಣ್ಣು ಅದು. ನಿವೃತ್ತಿಯಾದರೂ ಕಣ್ಣಿಗೆ ರಜೆ ಸಿಕ್ಕಿರಲಿಲ್ಲ.

ಅವತ್ತೇ ಉಪ್ಪಲ್ ಪೇಟೆಗೆ ಹೋದರು. ಮೊದಲ ಅಂಗಡಿಯವನು ನೂರಿಪ್ಪತ್ತು ಬಾರ್ ಒತ್ತಡ ಅಂದ. ಅಳೆದವರು ಯಾರು, ಮೀಟರಿಗೆ ಸೀಲ್ ಎಲ್ಲಿ ಎಂದು ರಾಯರು ಕೇಳಿದರು. ಅಂಗಡಿಯವನು ತೆಲುಗಿನಲ್ಲಿ ಶುರು ಮಾಡಿ, ಹಿಂದಿಗೆ ಹೊರಳಿ, ಕೊನೆಗೆ ಸುಸ್ತಾಗಿ, ಮನೆಗೇ ಬಂದು ತೋರಿಸುತ್ತೇವೆ ಅಂದ. ರಾಯರು ಇನ್ನೆರಡು ಅಂಗಡಿಗಳಲ್ಲೂ ಅದೇ ಮಾತು ಪಡೆದುಕೊಂಡು ಮನೆಗೆ ಬಂದರು.

ಮೊದಲನೆಯವನು ಹತ್ತು ಗಂಟೆಗೆ ಬಂದು ಗೇಟಿನಿಂದ ಮೆಟ್ಟಿಲ ತನಕ ತೊಳೆದ. ಅಂಗಳದ ತಾಂಡೂರು ಕಲ್ಲು ಹೊಸದಾಗಿ ಹಾಸಿದಂತೆ ಹೊಳೆಯಿತು. ಅಲ್ಲಿ ಪಾಚಿ ಮೊದಲೇ ಸಡಿಲವಾಗಿತ್ತು, ಅದು ಲೆಕ್ಕಕ್ಕಿಲ್ಲ ಎಂದು ರಾಯರು ನಲ್ಲಿಯ ಸುತ್ತಲೂ ತೊಳೆಸಿದರು. ಎರಡನೆಯವನ ನೀರಿನಲ್ಲಿ ಸೋಪು ಇದ್ದೀತೆಂಬ ಗುಮಾನಿಯಿಂದ ತಮ್ಮ ಬಕೆಟ್ಟಿನ ನೀರು ಕೊಟ್ಟು ಹಿತ್ತಲು ಪೂರ್ತಿ ಮಾಡಿಸಿದರು. ಮೂರನೆಯವನು ಪೈಲವಾನನ ಹಾಗಿದ್ದ. ಕೆಲಸ ಮಾಡುತ್ತಿರುವುದು ಮಿಷಿನ್ನೋ ಅವನ ರಟ್ಟೆಯೋ ತಿಳಿಯದೆ, ಒಂದೇ ಕೈಯಲ್ಲಿ ಹಿಡಿಸಿ ಕಾಂಪೌಂಡು ಗೋಡೆ, ಮೆಟ್ಟಿಲು, ಬಟ್ಟೆ ಒಗೆಯುವ ಕಲ್ಲು ಎಲ್ಲವನ್ನೂ ತೊಳೆಸಿದರು.

ಮೂರು ಗಂಟೆಗೆ ಪೈಲವಾನ ಪೈಪು ಸುತ್ತುತ್ತ ಸುತ್ತಲೂ ನೋಡಿದ. ಸಾರ್, ಇನ್ನು ಮಿಷಿನ್ ತೊಗೊಂಡು ಏನು ತೊಳೀತೀರಿ ಎಂದು ಹಿಂದಿಯಲ್ಲಿ ಕೇಳಿದ. ರಾಯರೂ ನೋಡಿದರು. ಇಡೀ ಮನೆಯಲ್ಲಿ ಉಗುರಿನಷ್ಟು ಪಾಚಿ ಇರಲಿಲ್ಲ. ವಿಚಾರ ಮಾಡಿ ಹೇಳ್ತೀನಿ ಎಂದು ಅವನನ್ನೂ ಕಳಿಸಿದರು.

ಆ ಸಂತೋಷ ಐದು ಗಂಟೆಯ ತನಕ ಇತ್ತು. ಆಗ ಪಕ್ಕದ ಮನೆಯ ಮಲ್ಲಪ್ಪ ಬಂದರು. ಮರುದಿನ ಅವರ ಮಗಳು ದಾನೇಶ್ವರಿಯ ನಿಶ್ಚಯ. ಕಲಬುರಗಿಯಿಂದ ಬೀಗರು ಬರುವವರಿದ್ದರು, ಅವರಲ್ಲಿ ಹುಡುಗನ ಎಂಬತ್ತು ವರ್ಷದ ಅಜ್ಜಿಯೂ ಒಬ್ಬರು. ಮಲ್ಲಪ್ಪನವರ ಅಂಗಳವಂತೂ ಕೆರೆಯ ಮೆಟ್ಟಿಲಿನ ಹಾಗಿತ್ತು.

“ರಾಯರ, ಆ ಮಿಷಿನ್ ಒಂದ್ ತಾಸ ಕೊಡ್ರಿ.”

“ನನ್ನ ಹತ್ರ ಎಲ್ಲೆ ಅದ, ಮಲ್ಲಪ್ಪನವರ?”

ಮಲ್ಲಪ್ಪ ಫಳಫಳಿಸುವ ಅಂಗಳ ನೋಡಿದರು, ಗೋಡೆ ನೋಡಿದರು. ಬೆಳಗಿನಿಂದ ಮಿಷಿನ್ನಿನ ಗುರ್ರ್ ಸದ್ದು ಕೇಳಿ ಅವರ ತಲೆ ಇನ್ನೂ ಗುಂಯ್ ಎನ್ನುತ್ತಿತ್ತು. ಮೂರು ಅಂಗಡಿಯವರು ಬಂದು ಪುಕ್ಕಟೆ ತೊಳೆದು ಹೋದರೆಂದು ರಾಯರು ವಿವರಿಸಿದರು. ಹೇಳುತ್ತ ಹೇಳುತ್ತ, ಇದನ್ನು ಬೇರೆ ಯಾರಾದರೂ ಹೇಳಿದ್ದರೆ ತಾವು ಬಿಲ್‌ಕುಲ್ ನಂಬುತ್ತಿರಲಿಲ್ಲ ಅನ್ನಿಸಿತು. ಬೀಗ ಹಾಕಿದ ಸಾಮಾನಿನ ಕೋಣೆಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿ ಮಲ್ಲಪ್ಪ ಹೊರಟುಹೋದರು.

ಒಳಗಿನಿಂದ ಕೇಳಿಸಿಕೊಂಡ ಸುಂದರಾಬಾಯಿ ಸುಮ್ಮನಿರಲಿಲ್ಲ. ತಾವು ದವಾಖಾನೆಯಲ್ಲಿದ್ದಾಗ ಹದಿನೈದು ದಿನ ರೊಟ್ಟಿ ಕಳಿಸಿದ್ದು ಆ ಮನೆಯೇ ಎಂದು ನೆನಪಿಸಿದರು. ರಾಯರು ಚಪ್ಪಲಿ ಮೆಟ್ಟಿ ನೇರ ಅಂಗಡಿಗೆ ಓಡಿದರು. ಎಷ್ಟು ಬಾರ್ ಎಂದು ಕೂಡ ಕೇಳದೆ ಎದುರಿಗಿದ್ದ ಮಿಷಿನ್ ಕೊಂಡರು. ಡಬ್ಬಿಯಲ್ಲಿ ಹಳೆಯ ಮಾಲು ಇದ್ದೀತೆಂದು ಅಲ್ಲೇ ಬಿಚ್ಚಿಸಿ, ನೀರು ಹಾಯಿಸಿ, ಅಂಗಡಿಯ ಮೆಟ್ಟಿಲು ತೊಳೆಸಿ ನೋಡಿದ್ದೊಂದೇ ಅವರು ಮಾಡಿದ ಪರೀಕ್ಷೆ. ಆಟೋದಲ್ಲಿ ಜಾಗವಿಲ್ಲವೆಂದು ಡಬ್ಬಿಯನ್ನು ಅಲ್ಲೇ ಬಿಟ್ಟರು.

ಮಲ್ಲಪ್ಪನವರ ಬಾಗಿಲಲ್ಲಿ ಮಿಷಿನ್ ಇಳಿಸಿ, “ನಿಮಗಂತನ ಈಗ ತಂದೆ ನೋಡ್ರಿ,” ಅಂದರು.

ಮಲ್ಲಪ್ಪ ಬಗ್ಗಿ ಪೈಪು ಮುಟ್ಟಿದರು. ಚಕ್ರಕ್ಕೆ ಮೆತ್ತಿದ ಕೆಸರು ನೋಡಿದರು.

“ಪೈಪ್ ಇನ್ನೂ ಹಸಿ ಐತಲ್ರಿ, ರಾಯರ.”

ರಾಯರು ಗಡಿಬಿಡಿಯಿಂದ ಜೇಬಿನಿಂದ ಬಿಲ್ಲು ತೆಗೆದುಕೊಟ್ಟರು. ಮಲ್ಲಪ್ಪ ಕನ್ನಡಕ ಏರಿಸಿ ನಿಧಾನವಾಗಿ ಓದಿದರು.

“ಈ ಅಮೋಲ್ ಯಾರ್ರಿ?”

ಅಂಗಡಿಯವರಿಗೆ ಖರೇ ಹೆಸರು ಕೊಟ್ಟರೆ ಅದನ್ನು ಎಲ್ಲೆಲ್ಲೋ ಹಂಚುತ್ತಾರೆಂದು ರಾಯರು ಯಾವಾಗಲೂ ಯಾವುದಾದರೊಂದು ಹೆಸರು, ನಂಬರು ಬರೆಸುವವರು. ಅದನ್ನು ಮೂರು ಸಲ ಹೇಳಿದರು. ಪ್ರತಿ ಸಲವೂ ಅದು ಇನ್ನಷ್ಟು ಸುಳ್ಳಾಗಿ ಕೇಳಿಸಿತು.

ಮಲ್ಲಪ್ಪ ಒಳ್ಳೆಯ ಮನುಷ್ಯ. ಬಿಲ್ಲನ್ನು ಮಡಚಿ, ರಾಯರ ಭುಜದ ಮೇಲೆ ಕೈ ಇಟ್ಟರು.

“ಮಿಷಿನ್ ಮಂದೀದು, ಕೊಡಾಕ ಬರಂಗಿಲ್ಲ ಅಂತ ಮೊದ್ಲ ಹೇಳಿದ್ರ ನಾ ಕೇಳ್ತಿದ್ದಿಲ್ಲರಿ. ಇರ್ಲಿ, ತಂದು ಕೊಟ್ರಲ್ಲ.” ಬಿಲ್ಲನ್ನು ತಮ್ಮ ಜೇಬಿಗೇ ಇಳಿಸಿಕೊಂಡರು. “ಇದರಾಗ ಅವರ ಫೋನ್ ನಂಬರ್ ಐತಿ. ನಾಳೆ ಕಾರ್ಯ ಮುಗದ ಮ್ಯಾಲ ಮಿಷಿನ್ ನಾನ ಅಮೋಲ್ ಅವರ ಮನಿಗೆ ಮುಟ್ಟಸ್ತೀನಿ. ನಿಮ್ಮ ಕೈಯಾಗ ಕೊಟ್ರ, ಪಾಪ, ಅವರಿಗೆ ತಿರುಗಿ ಸಿಗೂದು ಯಾವಾಗೋ ಏನೋ.”