ಬುರುಡೆ ಬಿಟ್ಟವನು ಹಗ್ಗ ಬಿಡಲಿಲ್ಲ

ಎಲ್ಲಕ್ಕೂ ಕಾರಣ ಒಂದು ತಲೆಸ್ನಾನ.

ಜೀರಿಗೆಗೆ ಆರು ವರ್ಷ. ಹುಟ್ಟಿದಾಗ ಅಷ್ಟೇ ಅಷ್ಟಿದ್ದಳೆಂದು ಬಿದ್ದ ಅಡ್ಡಹೆಸರು ಅದು. ಮೈ ಇನ್ನೂ ಪುಟ್ಟದೇ, ಗಂಟಲು ಮಾತ್ರ ಇಡೀ ಬೀದಿಗೆ ಸಾಲುವಷ್ಟು ಬೆಳೆದಿತ್ತು. ತಲೆಗೆ ಒಂದು ಚೊಂಬು ನೀರು ಬಿದ್ದರೆ ಸಾಕು, ಯಾರೋ ಕೊಲೆ ಮಾಡುತ್ತಿದ್ದಾರೆ ಎನ್ನುವ ಹಾಗೆ ಕಿರುಚುತ್ತಿದ್ದಳು. ಒಂದು ದಿನ ಅವಳಪ್ಪ, ಎರಡೂ ಕೈಗೆ ಸೋಪಿನ ನೊರೆಯಾಗಿ ಕಿವಿ ಮುಚ್ಚಿಕೊಳ್ಳಲೂ ಆಗದೆ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ನೀರಿಗೆ ಇಷ್ಟೊಂದು ಹೆದರೋದಾ? ನಿನ್ನಷ್ಟಿದ್ದಾಗ ನಾನು ವಾಟರ್ ಸ್ಕೀ ಮಾಡ್ತಿದ್ದೆ, ಗೊತ್ತಾ? ಕಾಲಿಗೆ ಹಲಗೆ ಕಟ್ಕೊಂಡು, ಹಗ್ಗ ಹಿಡ್ಕೊಂಡು, ಮುಂದೆ ಮೋಟಾರು ದೋಣಿ, ಹಿಂದೆ ನಾನು, ಕೆರೆ ಮೇಲೆ ನಿಂತ್ಕೊಂಡೇ ಜುಯ್ ಅಂತ!"

ಕಿರುಚಾಟ ಟಪ್ಪನೆ ನಿಂತಿತು. ಜೀರಿಗೆ ಕಣ್ಣು ಬಾಯಿ ಬಿಟ್ಟು ನೋಡಿದಳು. ಅಷ್ಟರಲ್ಲಿ ತಲೆಸ್ನಾನ ಮುಗಿದೇ ಹೋಯಿತು.

ಈ ಅಪ್ಪ ನೀರಿನ ಇಲಾಖೆಯಲ್ಲಿ ಮನೆಮನೆಯ ಮೀಟರ್ ಓದುವವನು. ಬೀದಿಯವರಿಗೆಲ್ಲ ಮೀಟರಣ್ಣ. ಊರವರು ಬಳಸಿದ ನೀರನ್ನು ಅಳೆಯುತ್ತಿದ್ದನೇ ಹೊರತು, ತಾನು ಬಕೆಟ್ಟಿಗಿಂತ ಆಳದ ನೀರನ್ನು ಮುಟ್ಟಿದವನಲ್ಲ. ಆಫೀಸಿನಲ್ಲಿ ಸಾಹೇಬರು ಬೈಯುತ್ತಿದ್ದರು, ಬೀದಿಯಲ್ಲಿ ನಾಯಿಗಳು ಅಟ್ಟಿಸಿಕೊಂಡು ಬರುತ್ತಿದ್ದವು, ಮನೆಯಲ್ಲಿ ಹೆಂಡತಿಗೆ ಅವನ ಯೋಗ್ಯತೆ ಚೆನ್ನಾಗಿ ಗೊತ್ತಿತ್ತು. ತನ್ನನ್ನೂ ಒಬ್ಬ ವೀರ ಎಂದು ನೋಡಿದ ಕಣ್ಣು ಈ ಪ್ರಪಂಚದಲ್ಲಿ ಜೀರಿಗೆಯದು ಮಾತ್ರ. ಆ ಕಣ್ಣಿನ ರುಚಿ ಹತ್ತಿದ ಮೇಲೆ ಮನುಷ್ಯ ಸುಮ್ಮನಿರುತ್ತಾನೆಯೇ? ಮುಂದಿನ ತಲೆಸ್ನಾನಕ್ಕೆ ಅವನು ಒಂಟಿ ಕಾಲಿನಲ್ಲಿ ಸ್ಕೀ ಮಾಡಿದ. ಅದರ ಮುಂದಿನದಕ್ಕೆ ಹಿಂದುಮುಂದಾಗಿ ಮಾಡಿದ. ಆಮೇಲೆ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಕಾಫಿ. ಉಗುರು ಕತ್ತರಿಸುವ ದಿನಗಳಿಗೆ ಬೇರೆಯೇ ಕತೆಯಿತ್ತು. ಅದರಲ್ಲಿ ಅವನು ಊರಿನ ಎತ್ತರದ ನೀರಿನ ಟ್ಯಾಂಕಿನ ಮೇಲಿಂದ ಕೊಡೆ ಹಿಡಿದು ಹಾರಿದ್ದ.

ಹೀಗೆ ಸುಖವಾಗಿ ಬುರುಡೆ ಬಿಟ್ಟುಕೊಂಡಿದ್ದವನಿಗೆ ಒಂದು ಭಾನುವಾರ ಬೆಳಿಗ್ಗೆ ಗ್ರಹಚಾರ ಮಹಡಿ ಮೆಟ್ಟಿಲಿಳಿದು ಬಂತು, ಕೊರಳಲ್ಲಿ ಸೀಟಿ ಹಾಕಿಕೊಂಡು.

ಮಹಡಿ ಮನೆಯ ಡ್ರಿಲ್ ಮಾಸ್ತರರು ನಿವೃತ್ತರು. ಶಾಲೆ ಬಿಟ್ಟಿದ್ದರೂ ಸೀಟಿ ಬಿಟ್ಟಿರಲಿಲ್ಲ. ಕಂಡವರ ಮನೆಯ ವಿಚಾರದಲ್ಲಿ ಮೂಗು ತೂರಿಸುವುದಕ್ಕೆ ಮುಂಚೆ ಒಂದು ಸಲ ಊದುತ್ತಿದ್ದರು, ಅಷ್ಟೇ ಅವರ ಸೌಜನ್ಯ.

"ಏನಯ್ಯಾ ಮೀಟರು! ಇಷ್ಟು ದೊಡ್ಡ ಆಟಗಾರ ನಮ್ಮ ಕೆಳಗಡೆನೇ ಇದ್ಕೊಂಡು ಬಾಯೇ ಬಿಟ್ಟಿಲ್ವಲ್ಲಯ್ಯ! ಜೀರಿಗೆ ಎಲ್ಲಾ ಹೇಳಿದ್ಲು. ಕೆರೆ ಬೋಟ್ ಹೌಸಲ್ಲಿ ಮಕ್ಕಳಿಗೆ ವಾಟರ್ ಸ್ಕೀ ಶುರು ಮಾಡಿದಾರೆ. ನಡಿ, ಮಗೂಗೆ ಕಲಿಸು!"

ಮೀಟರಣ್ಣ ಕಾಫಿ ಲೋಟ ಕೆಳಗಿಟ್ಟ. "ಅಲ್ಲಿ ಕಲಿಸೋರು ಇರ್ತಾರಲ್ಲ ಮಾಸ್ತರೇ..."

"ನಂಗೆ ಬೇರೆ ಯಾರೂ ಬೇಡ. ನಮ್ಮಪ್ಪನೇ ಕಲಿಸ್ಬೇಕು!" ಎಂದಳು ಜೀರಿಗೆ, ಆಗಲೇ ಚಪ್ಪಲಿ ಹಾಕಿಕೊಂಡು.

ಮೀಟರಣ್ಣ ಹೆಂಡತಿಯ ಕಡೆ ದೀನನಾಗಿ ನೋಡಿದ. ಅವಳು ಬಟ್ಟೆ ಮಡಿಸುತ್ತಾ ತಲೆ ಕೂಡ ಎತ್ತದೆ, "ಹೋಗ್ಬನ್ನಿ. ಒಂಟಿ ಕಾಲಲ್ಲಿ ಮಾಡಿದೋರಿಗೆ ಎರಡು ಕಾಲಲ್ಲಿ ಏನ್ ಕಷ್ಟ? ತಡೀರಿ, ನಾನೂ ಬರ್ತೀನಿ. ಇದನ್ನ ನೋಡ್ದೆ ಇರಕ್ಕಾಗುತ್ತಾ?" ಎಂದಳು.

ಎದುರು ಮನೆಯ ಟೈಲರಮ್ಮ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡು, ಉಳಿದ ಪರದೆ ಬಟ್ಟೆಯಲ್ಲಿ ಹೊಲಿದ ಹೂವಿನ ಚಡ್ಡಿಯೊಂದನ್ನು ತಂದುಕೊಟ್ಟಳು. "ಚಾಂಪಿಯನ್ನು ಹರಿದ ಚಡ್ಡಿ ಹಾಕ್ಕೊಂಡು ಹೋದ್ರೆ ಬೀದಿ ಮರ್ಯಾದೆ ಏನಾಗ್ಬೇಕು?" ಎಂದು ತಾನೂ ಹೊರಟಳು. ನಿಜ ಹೇಳಿಬಿಡಲೇ ಎಂದು ಮೀಟರಣ್ಣ ದಾರಿಯುದ್ದಕ್ಕೂ ಬಾಯಿ ತೆರೆದ. ಪ್ರತಿ ಸಲವೂ ಜೀರಿಗೆ ಅವನ ಬೆರಳು ಹಿಡಿದು ಮುಖ ನೋಡುತ್ತಿದ್ದಳು. ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ನೀರಲ್ಲಿ ಮುಳುಗಿದರೂ ಪರವಾಗಿಲ್ಲ, ಮಗಳ ಕಣ್ಣಲ್ಲಿ ಮುಳುಗಬಾರದು ಅನ್ನಿಸಿತು.

ಬೋಟ್ ಹೌಸಿನಲ್ಲಿ ಕಲಿಸುವವನು ಇರಲಿಲ್ಲ. ಅವನು ತನ್ನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಿದ್ದ. ಇದ್ದವನು ದೋಣಿ ಓಡಿಸುವವನೊಬ್ಬನೇ. ಮೋಟಾರಿನ ಸದ್ದಿಗೆ ಹೆದರಿ ಕಿವಿ ತುಂಬ ಹತ್ತಿ ತುರುಕಿಕೊಂಡಿದ್ದ.

"ನೋಡಿ ಸಾರ್," ಎಂದು ಅವನು ಕೂಗಿ ಹೇಳಿದ, "ನಂಗೆ ಎರಡೇ ಮಾತು ಕೇಳ್ಸೋದು. 'ಬಿಡು' ಅಂದ್ರೆ ದೋಣಿ ಬಿಡ್ತೀನಿ. ಇನ್ನೊಂದ್ಸಲ 'ಬಿಡು' ಅಂದ್ರೆ ಇನ್ನೂ ಜೋರಾಗಿ ಬಿಡ್ತೀನಿ. 'ಸಾಕು' ಅಂದ್ರೆ ನಿಲ್ಲಿಸ್ತೀನಿ. ಬೇರೆ ಏನಂದ್ರೂ ನಂಗೆ ಗೊತ್ತಾಗಲ್ಲ."

ಮೀಟರಣ್ಣ ಒಂದು ಉಪಾಯ ಹೂಡಿದ. ಕತ್ತಲಾಗುವ ತನಕ ದಡದ ಮೇಲೆಯೇ ಪಾಠ ಮಾಡುವುದು. ಜೀರಿಗೆಗೆ ಲೈಫ್ ಜಾಕೆಟ್ ತೊಡಿಸಿ, ಪುಟ್ಟ ಹಲಗೆಗಳನ್ನು ಕಾಲಿಗೆ ಸಿಕ್ಕಿಸಿ, ಹುಲ್ಲಿನ ಮೇಲೆ ಕೂರಿಸಿದ. ಅವಳ ಬೆನ್ನ ಹಿಂದೆ ಗೋಡೆಗೆ ಸೂಚನಾ ಫಲಕವೊಂದಿತ್ತು, ದೇವರು ದೊಡ್ಡವನು. ಅದನ್ನು ಕದ್ದು ನೋಡುತ್ತಾ ಗಂಭೀರವಾಗಿ ಶುರು ಮಾಡಿದ.

"ಮೊದಲು ಮಂಡಿ ಮಡಿಸ್ಬೇಕು. ಕೈ ನೇರ ಚಾಚ್ಬೇಕು. ನೀನಾಗೇ ಎದ್ದೇಳಕ್ಕೆ ಹೋಗ್ಬಾರ್ದು, ದೋಣಿನೇ ಎಬ್ಬಿಸುತ್ತೆ. ಬಿದ್ರೆ ತಕ್ಷಣ ಹಗ್ಗ ಬಿಡ್ಬೇಕು. ಇದು ಎಲ್ಲಕ್ಕಿಂತ ಮುಖ್ಯ. ಆಮೇಲೆ... ಬೀಡಿ ಸೇದಬಾರದು."

"ನಾನು ಬೀಡಿ ಸೇದಲ್ಲಪ್ಪ."

"ಒಳ್ಳೇದು. ಮುಂದಕ್ಕೂ ಸೇದ್ಬೇಡ."

"ಆಹಾ! ಶಿಸ್ತು ಅಂದ್ರೆ ಇದು!" ಎಂದು ಮಾಸ್ತರರು ಸೀಟಿ ಊದಿದರು. ಹಗ್ಗದ ತುದಿ ಹಿಡಿದು ತಾವೇ ದೋಣಿಯಾಗಿ ಹುಲ್ಲಿನ ಮೇಲೆ ಓಡಿದರು. ಮೊದಲ ಸಲ ಜೀರಿಗೆ ಬಿದ್ದಳು, ಹಗ್ಗ ಬಿಟ್ಟಳು. ಎರಡನೆಯ ಸಲ ಮಂಡಿ ಮಡಿಸಿ, ಕೈ ಚಾಚಿ, ನೆಟ್ಟಗೆ ಎದ್ದು ನಿಂತು ಸೊಗಸಾಗಿ ಜಾರಿದಳು. ಕತ್ತಲಾಗುವ ತನಕ ಎಳೆಯಬೇಕಿದ್ದ ಪಾಠ ಎಲೆಯ ಮೇಲಿನ ಹನಿ ಜಾರುವಷ್ಟರಲ್ಲಿ ಮುಗಿಯಿತು. ಹಾಳಾದ್ದು, ಮಗು ಚುರುಕು.

"ಈಗ ನೀರಲ್ಲಿ!" ಎಂದರು ಮಾಸ್ತರರು.

"ಮೊದ್ಲು ಅಪ್ಪ ಮಾಡಿ ತೋರಿಸ್ಲಿ," ಎಂದಳು ಜೀರಿಗೆ.

ಮೀಟರಣ್ಣ ನೆಪ ಹುಡುಕಿದ. ಸೊಂಟ ನೋವು ಎಂದ. ಟೈಲರಮ್ಮ ಸೊಂಟ ನೀವಲು ಬಂದಳು. ಊಟವಾಗಿಲ್ಲ ಎಂದ. ಹೆಂಡತಿ ಬುತ್ತಿ ಬಿಚ್ಚಿದಳು. ಕಡೆಗೆ ಹೂವಿನ ಚಡ್ಡಿಯಲ್ಲಿ, ಗಂಟಲಿನ ತನಕ ಬಿಗಿದ ಜಾಕೆಟ್ಟಿನಲ್ಲಿ, ಮೊಣಕಾಲುದ್ದ ನೀರಿನಲ್ಲಿ ಕೂತೇಬಿಟ್ಟ. ಕಾಲಿಗೆ ಹಲಗೆ, ಕೈಯಲ್ಲಿ ಹಗ್ಗದ ಹಿಡಿ. ಆದರೂ ಒಂದು ಆಸೆ ಉಳಿದಿತ್ತು. ದೋಣಿ ಹೊರಟ ಕೂಡಲೇ ಹಗ್ಗ ಬಿಟ್ಟುಬಿಡುವುದು, ಕಾಲು ಹಿಡಿದುಕೊಂಡಿತು ಎಂದು ನರಳುವುದು. ಅದಕ್ಕೂ ಮುಂಚೆ ಕೊನೆಯದಾಗಿ ಒಂದು ಸಲ ಬೇಡಿಕೊಳ್ಳೋಣ ಎಂದು ಮಾಸ್ತರರ ಕಡೆ ತಿರುಗಿದ.

"ಈ ವಯಸ್ಸಲ್ಲಿ ಇದೆಲ್ಲಾ ಯಾಕೆ ಮಾಸ್ತರೇ? ಬಿಡಿ."

ದೋಣಿಯವನು ಬಿಟ್ಟ.

ಹಗ್ಗ ಬಿಡಬೇಕೆಂದು ಮೀಟರಣ್ಣನ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಹೆದರಿದ ಬೆರಳುಗಳು ಹಿಡಿಯನ್ನು ಉಡದ ಹಾಗೆ ಕಚ್ಚಿಕೊಂಡವು. ದೋಣಿ ಎಳೆಯಿತು, ಫಲಕದಲ್ಲಿ ಬರೆದ ಹಾಗೆಯೇ ಎಬ್ಬಿಸಿತು. ಜೀವ ಬಾಯಿಗೆ ಬಂದು ಕೂತಿದ್ದವನು ಕೆರೆಯ ಮೇಲೆ ನೆಟ್ಟಗೆ ನಿಂತಿದ್ದ!

"ಅಯ್ಯೋ, ಬಿದ್ಬಿಡ್ತೀರಾ! ಹಗ್ಗ ಬಿಡ್ರೀ!" ಎಂದು ಹೆಂಡತಿ ಕೂಗಿದಳು. ಅವಳ ನಗು ಅಲ್ಲಿಗೆ ಹಾರಿಹೋಗಿತ್ತು.

ದೋಣಿಯವನು ಇನ್ನೂ ಜೋರಾಗಿ ಬಿಟ್ಟ.

"ಬಿಡಯ್ಯಾ! ಬಿಡು! ಬಿಡು!" ಎಂದು ಮಾಸ್ತರರು ದಡದ ಮೇಲೆ ಕುಣಿದರು. ದೋಣಿಯವನಿಗೆ ಇಷ್ಟು ಉತ್ಸಾಹದ ಗಿರಾಕಿಗಳು ಈ ಮೊದಲು ಸಿಕ್ಕಿರಲಿಲ್ಲ. ಎಂಜಿನ್ನಿನಲ್ಲಿ ಇದ್ದಬದ್ದ ಶಕ್ತಿಯನ್ನೆಲ್ಲ ಬಿಟ್ಟ. ಬಾತುಕೋಳಿಗಳು ಹೌಹಾರಿ ಚದುರಿದವು. ತೇಲುತ್ತಿದ್ದ ಕೊಂಬೆಯೊಂದಕ್ಕೆ ತಗುಲಿ ಎಡಗಾಲಿನ ಹಲಗೆ ಕಿತ್ತುಕೊಂಡು ಹೋಯಿತು.

"ಒಂಟಿ ಕಾಲು!" ಎಂದಳು ದಡದಲ್ಲಿ ಜೀರಿಗೆ.

ತಿರುವಿನಲ್ಲಿ ಮೀಟರಣ್ಣ ಗಿರ್ರನೆ ತಿರುಗಿ ಬೆನ್ನು ಮುಂದಾದ.

"ಹಿಂದುಮುಂದು!"

ಎದುರಿಗೆ ಪೆಡಲ್ ದೋಣಿಯಲ್ಲಿ ಹೊಸದಾಗಿ ಮದುವೆಯಾದವರಿಬ್ಬರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು. ಆಸರೆಗೆಂದು ಮೀಟರಣ್ಣ ಹೇಗೋ ಒಂದು ಕೈ ಬಿಡಿಸಿಕೊಂಡು ಸಿಕ್ಕಿದ್ದನ್ನು ಹಿಡಿದ. ಸಿಕ್ಕಿದ್ದು ಲೋಟ. ಗಾಳಿಗೆ ಕಾಫಿ ಅರ್ಧ ಮುಖಕ್ಕೆ, ಅರ್ಧ ಬಾಯಿಗೆ ಹೋಯಿತು.

ಜೀರಿಗೆ ಕಾಫಿಯನ್ನೂ ಕಂಡಳು. ಆಮೇಲೆ, ಅಲ್ಲಿದ್ದ ದೊಡ್ಡವರೆಲ್ಲ ಮರೆತಿದ್ದ ಮಾತನ್ನು ಬಚ್ಚಲಲ್ಲಿ ಪಳಗಿದ ಗಂಟಲಿನಿಂದ ಕಿರುಚಿದಳು.

"ಸಾಕೂ!"

ದೋಣಿ ನಿಂತಿತು. ಮೀಟರಣ್ಣ ಬುಳುಕ್ ಎಂದು ಮುಳುಗಿ, ಜಾಕೆಟ್ಟಿನ ದಯೆಯಿಂದ ಬಾಟಲಿ ಬಿರಡೆಯ ಹಾಗೆ ಮೇಲೆ ಬಂದ. ಅದೃಷ್ಟಕ್ಕೆ ದಡದ ಹತ್ತಿರವೇ ಇದ್ದ. ಮಾಸ್ತರರು ಎಳೆದು ಮೊಣಕಾಲುದ್ದ ನೀರಿಗೆ ತಂದು ಕೂರಿಸಿದರು. ದಡದ ತುಂಬ ಚಪ್ಪಾಳೆ. ಹೆಂಡತಿ ನೀರಿಗಿಳಿದು ಸೆರಗಿನಿಂದ ಅವನ ತಲೆ ಒರೆಸಿದಳು. ಕಣ್ಣಲ್ಲಿ ನೀರಿತ್ತು. "ರೀ, ನಿಜವಾಗ್ಲೂ ಬರುತ್ತಾ ನಿಮ್ಗೆ? ಇಷ್ಟು ದಿನ ನಾನೇ ನಂಬ್ಲಿಲ್ವಲ್ರೀ!"

ಮೀಟರಣ್ಣನ ಎದೆ ಜಾಕೆಟ್ಟಿಗಿಂತ ದೊಡ್ಡದಾಗಿ ಉಬ್ಬಿತು. ಜೀರಿಗೆಯ ಕಡೆ ನೋಡಿದ. ಅವಳ ಮುಖ ಬಾಡಿತ್ತು.

"ಯಾಕೆ ಮರಿ? ಖುಷಿಯಾಗ್ಲಿಲ್ವಾ?"

"ನೀನು ಸುಳ್ಳು ಹೇಳ್ತಿದ್ದೀಯ ಅಂದ್ಕೊಂಡಿದ್ದೆ," ಎಂದಳು ಜೀರಿಗೆ ದುಃಖದಿಂದ. "ನಲ್ಲಿ ಜೋರಾಗಿ ಬಂದ್ರೇ ನೀನು ಹಿಂದಕ್ಕೆ ಹಾರ್ತೀಯಲ್ಲ. ಅದಕ್ಕೇ ನಾನೇ ಮಾಸ್ತರಜ್ಜನ್ಗೆ ಹೇಳ್ದೆ. ಕೆರೆಗೆ ಕರ್ಕೊಂಬಂದ್ರೆ ಎಲ್ಲಾ ಬುರುಡೆ ಅಂತ ಒಪ್ಕೋತೀಯ, ಆಮೇಲೆ ನಂಗೆ 'ನೀರಿಗೆ ಹೆದರ್ಬೇಡ' ಅನ್ನಕ್ಕೇ ಆಗಲ್ಲ, ತಲೆಸ್ನಾನನೇ ಇರಲ್ಲ ಅಂದ್ಕೊಂಡಿದ್ದೆ."

ಮೀಟರಣ್ಣ ಬೆಪ್ಪಾಗಿ ಕೂತ. ಯಾವ ನಂಬಿಕೆ ಉಳಿಸಿಕೊಳ್ಳಲು ಪ್ರಾಣ ಪಣಕ್ಕಿಟ್ಟಿದ್ದನೋ, ಅದು ಮೊದಲಿನಿಂದಲೂ ಇರಲೇ ಇಲ್ಲ!

ಅಷ್ಟರಲ್ಲಿ ಜೀರಿಗೆಯ ಕಣ್ಣು ನಿಧಾನವಾಗಿ ಅರಳತೊಡಗಿತು. ಅವನು ಹಂಬಲಿಸುತ್ತಿದ್ದ ಅದೇ ಕಣ್ಣು. "ಅಪ್ಪಾ! ಇದು ನಿಜ ಅಂದ್ರೆ, ಟ್ಯಾಂಕಿಂದ ಕೊಡೆ ಹಿಡ್ಕೊಂಡು ಹಾರಿದ್ದೂ ನಿಜಾನೇ!"

"ಟ್ಯಾಂಕಿಂದ?" ಮಾಸ್ತರರ ಕೈ ಸೀಟಿಗೆ ಹೋಯಿತು. "ಮುಂದಿನ ಭಾನುವಾರ ಇಡೀ ಬೀದಿನ ಸೇರಿಸ್ತೀನಿ!"

"ಕೊಡೆ ನಾನು ಹೊಲ್ಕೊಡ್ತೀನಿ," ಎಂದಳು ಟೈಲರಮ್ಮ. "ಇದೇ ಹೂವಿನ ಬಟ್ಟೆ."

"ಅದು ಬುರುಡೆ! ಇದೂ ಬುರುಡೆ! ದೇವರಾಣೆ ನಂಗೆ ಈಜೂ ಬರಲ್ಲ!" ಎಂದು ಮೀಟರಣ್ಣ ಗೋಗರೆದ. ಜೀವನದಲ್ಲಿ ಮೊದಲ ಸಲ ಅಪ್ಪಟ ನಿಜ ಹೇಳುತ್ತಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡಿದ್ರಾ ಎಂಥ ವಿನಯ!" ಎಂದರು ಮಾಸ್ತರರು.

ಇನ್ನು ಇವರ ಜೊತೆ ವಾದಿಸಿ ಫಲವಿಲ್ಲ ಎನ್ನಿಸಿತು ಮೀಟರಣ್ಣನಿಗೆ. ಮೈಯೆಲ್ಲ ಸೋತಿತ್ತು. ಮನೆಗೆ ಹೋಗಿ ಕಂಬಳಿ ಹೊದ್ದು ಮಲಗಿದರೆ ಸಾಕಾಗಿತ್ತು. ಜೀರಿಗೆ ಅವನ ಕೈಯನ್ನೇ ನೋಡುತ್ತಾ ಏನೋ ಹೇಳಲು ಬಾಯಿ ತೆರೆದಳು. ಅವಳಿಗಿಂತ ಮೊದಲೇ ಅವನು ದೊಡ್ಡ ನಿಟ್ಟುಸಿರಿನೊಂದಿಗೆ ಹೇಳಿಬಿಟ್ಟ.

"ನನ್ನ ಪಾಡಿಗೆ ನನ್ನ ಬಿಡಿ ಮಾಸ್ತರೇ."

ಹಗ್ಗದ ಹಿಡಿ ಇನ್ನೂ ಅವನ ಕೈಯಲ್ಲೇ ಇತ್ತು.